ನಮ್ಮ ಪಾಲಿಗೆ ಬಂದ ಜಡ್ಜ್ ಸಾಹೇಬ

ನಮ್ಮ ಮನೆಯ ದೇವರ ಮಾಡದ ಪಕ್ಕದ ಗೂಟಕ್ಕೆ ಒಂದು ತಗಡಿನ ಕೊಳವೆ ತೂಗುತ್ತಿತ್ತು. ಅದರೊಳಗೆ ಒಬ್ಬ ಇಂಗ್ರೇಜಿ ಜಡ್ಜ್ ಸಾಹೇಬ ಇದ್ದಾನೆ ಎಂದು ಎಂಟು ವರ್ಷದವಳಾಗುವವರೆಗೂ ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ಆಯುಧಪೂಜೆಯ ದಿನ ಕುಡುಗೋಲು, ಕುರ್ಪಿ, ಕೊಡಲಿಗಳ ಸಾಲಿನಲ್ಲಿ ಆ ಕೊಳವೆಗೂ ವಿಭೂತಿ ಬೀಳುತ್ತಿತ್ತು. ಅಜ್ಜಿ ಅದರ ಮುಂದೆ ಕೈಮುಗಿದು, "ಬಿಳಿಮೀಸಿ ಸಾಹೇಬ, ದಾರಿ ಕಾಯಪ್ಪಾ" ಎನ್ನುತ್ತಿದ್ದಳು. ಒಮ್ಮೆ ಯಾರೂ ಇಲ್ಲದಾಗ ಮುಚ್ಚಳ ತೆಗೆದು ನೋಡಿದೆ. ಒಳಗೆ ಇದ್ದದ್ದು ಹಳದಿ ಬಣ್ಣಕ್ಕೆ ತಿರುಗಿದ ಐದು ಹಾಳೆ. ನನಗೆ ಅಂದು ಆದ ನಿರಾಸೆ ಅಷ್ಟಿಷ್ಟಲ್ಲ.

ಆ ಹಾಳೆಗಳ ಕಥೆ ಹೀಗಿದೆ. ನಮ್ಮದು ಅಳವಂಡಿಯ ಕಡೆಯ ಊರು. ಮುತ್ತಜ್ಜನ ಕಾಲಕ್ಕೆ ಅದು ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಆದರೆ ಹಳ್ಳ ದಾಟಿದರೆ ಇಂಗ್ರೇಜಿ ಸರಕಾರಕ್ಕೆ ಸೇರಿದ ಒಂದು ತುಂಡು ನೆಲವಿತ್ತು, ಮತ್ತು ನಮ್ಮ ಹೊಲ ಇದ್ದದ್ದು ಆ ತುಂಡಿನಲ್ಲಿ. ಮನೆಯ ಜಗಳಕ್ಕೆ ಉರ್ದು ಕಚೇರಿ, ಹೊಲದ ಜಗಳಕ್ಕೆ ಇಂಗ್ರೇಜಿ ಕೋರ್ಟು. ಹೊಲಕ್ಕೆ ಬಂಡಿ ಹೋಗಬೇಕಾದರೆ ಮುಂದಿನ ಹೊಲದವರ ಒಡ್ಡಿನ ಮೇಲೆಯೇ ಹಾಯಬೇಕು. ಅವರು ಬೇಡವೆಂದರು, ಮುತ್ತಜ್ಜ ಬಿಡುವುದಿಲ್ಲ ಎಂದ. ಒಂದು ಕೋರ್ಟಿನಲ್ಲಿ ಅವರು ಗೆದ್ದರು, ಮೇಲಿನದರಲ್ಲಿ ಇವನು ಗೆದ್ದ, ಕೊನೆಗೆ ವ್ಯಾಜ್ಯ ಮುಂಬೈಯ ದೊಡ್ಡ ಕೋರ್ಟಿಗೆ ಹೋಯಿತು. ಹೊರ ಊರಿನ ಭಯಕ್ಕೆ ಇಬ್ಬರು ವೈರಿಗಳೂ ಒಂದೇ ಬಂಡಿ, ಒಂದೇ ರೈಲು, ಒಂದೇ ಬುತ್ತಿಗಂಟು ಹಿಡಿದು ಹೋದರಂತೆ.

ಅಲ್ಲಿ ಎತ್ತರದ ಪೀಠದ ಮೇಲೆ ಇಬ್ಬರು ಜಡ್ಜ್ ಸಾಹೇಬರು ಕೂತಿದ್ದರು. ಒಬ್ಬರ ಮೀಸೆ ಪೂರ್ತಿ ಬಿಳಿ, ಇನ್ನೊಬ್ಬರದು ಕಡುಕಪ್ಪು. ಕರಿಮೀಸೆಯವರು ಮೊದಲು ಓದಿದರು. ವಕೀಲರ ಕಾರಕೂನ ಬಗ್ಗಿ, ಇದು ಮುಂದಿನ ಹೊಲದವರ ಕಡೆ ಎಂದ. ಆಮೇಲೆ ಬಿಳಿಮೀಸೆಯವರು ಓದಿದರು. ಇದು ನಿಮ್ಮ ಕಡೆ ಎಂದು ಮುತ್ತಜ್ಜನಿಗೆ ಹೇಳಿದ. ಹಾಗಾದರೆ ಯಾರ ಮಾತು ನಿಲ್ಲುತ್ತದೆ ಎಂದು ಇಬ್ಬರೂ ಕೇಳಿದಾಗ, ಹೊರಡುವ ಅವಸರದಲ್ಲಿದ್ದ ಆ ಕಾರಕೂನ, ಸೀನಿಯರ್ ಸಾಹೇಬರದು ಎಂದಷ್ಟೇ ಹೇಳಿ ಹೋದನಂತೆ. ಇಬ್ಬರೂ ಪೀಠದ ಕಡೆ ನೋಡಿದರು, ಬಿಳಿಮೀಸೆ ಕಂಡಿತು, ಇನ್ನೇನು ಕೇಳುವುದು ಉಳಿದಿತ್ತು? ನಮ್ಮಲ್ಲಿ ಪಂಚಾಯಿತಿ ಕಟ್ಟೆಯ ಮೇಲಾಗಲಿ ಊಟದ ಪಂಕ್ತಿಯಲ್ಲಾಗಲಿ ನರೆತವರು ಇರುವಾಗ ಕರಿಮೀಸೆಯವನ ಮಾತು ನಡೆದದ್ದಿಲ್ಲ. ಮುಂದಿನ ಹೊಲದವನು ಸೋತೆ ಎಂದು ತಲೆ ತಗ್ಗಿಸಿದ, ಮುತ್ತಜ್ಜ ಮೀಸೆ ತಿರುವಿದ.

ತೀರ್ಪಿನ ನಕಲನ್ನು ಇಬ್ಬರೂ ಕೂಡಿ ಒಂದೇ ಪ್ರತಿ ತೆಗೆಸಿದ್ದರು. ಬರುವಾಗ ರೈಲಿನಲ್ಲಿ ಅದರ ದಾರ ಬಿಚ್ಚಿ, ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಳ್ಳುವ ಹಾಗೆ ಹಂಚಿಕೊಂಡರು. ಕರಿಮೀಸೆಯವರು ಹೇಳಿದ ಆರು ಹಾಳೆ ಅವರಿಗೆ, ಬಿಳಿಮೀಸೆಯವರ ಐದು ಹಾಳೆ ನಮಗೆ. ಅಂದಿನಿಂದ ಮುತ್ತಜ್ಜ, ಅಜ್ಜ, ಅಪ್ಪ, ಚಿಕ್ಕಪ್ಪ ಎಲ್ಲರೂ ಆ ಒಡ್ಡಿನ ಮೇಲೆ ಬಂಡಿ ಹೊಡೆದರು. ಯಾರನ್ನೂ ಕೇಳಲಿಲ್ಲ. ಗೆದ್ದವರು ಯಾಕೆ ಕೇಳಬೇಕು?

ನಾನು ವಕೀಲಳಾದೆ. ಹೆಣ್ಣುಮಕ್ಕಳಿಗೆ ಕರಿಕೋಟು ಯಾಕೆ ಎಂದು ಮನೆಯಲ್ಲಿ ಎರಡು ವರ್ಷ ಗುದ್ದಾಡಿಯೇ ಆದೆ. ಕೊಪ್ಪಳದಲ್ಲಿ ನನಗೆ ಕೆಲಸ ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಮುಸ್ಲಿಂ ಹಿರಿಯರು. ಊರೆಲ್ಲ ಅವರನ್ನು ವಕೀಲ ಸಾಹೇಬರು ಎಂದೇ ಕರೆಯುತ್ತಿತ್ತು. ಅವರ ಆಫೀಸಿನಲ್ಲಿ ಎರಡು ನಿಯಮ. ಕಾಗದ ಪೂರ್ತಿ ಓದದೆ ಬಾಯಿ ಬಿಡಬಾರದು, ಮತ್ತು ಕಕ್ಷಿದಾರರ ಎದುರು ಚಹಾ ತಣ್ಣಗಾಗಬಾರದು. ನಾನು ಎರಡನೆಯದನ್ನು ಬೇಗ ಕಲಿತೆ.

ಒಂದು ಬೆಳಿಗ್ಗೆ ನಮ್ಮ ಚಿಗವ್ವ, ಅಂದರೆ ತೀರಿಹೋದ ಚಿಕ್ಕಪ್ಪನ ಹೆಂಡತಿ, ಆ ತಗಡಿನ ಕೊಳವೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಳವಂಡಿಯ ಬಸ್ಸಿಗೆ ಬಂದಿಳಿದಳು. ಅರವತ್ತು ದಾಟಿದ ಹೆಂಗಸು. ಹಳ್ಳದಾಚೆಯ ಹೊಲ ಈಗ ಅವಳದು, ಅದೊಂದೇ ಅವಳ ಜೀವನ. ಮುಂದಿನ ಹೊಲವನ್ನು ಈಗ ನೋಡಿಕೊಳ್ಳುವವನು ದಾಳಿಂಬೆ ಹಚ್ಚಲೆಂದು ಸುತ್ತಲೂ ತಂತಿಬೇಲಿ ಎಳೆದಿದ್ದ. ಬಂಡಿಯ ಜಾಡು ಬೇಲಿಯೊಳಗೆ ಹೋಗಿಬಿಟ್ಟಿತ್ತು.

"ಕಿತ್ತ ಉಳ್ಳಾಗಡ್ಡಿ ಹೊಲದಾಗ ಬಿದ್ದೈತಿ. ಹಳ್ಳದ ಗುಂಟ ಸುತ್ತು ಹಾಕಿ ಬುಟ್ಟೀಲೆ ಹೊರಾಕತ್ತೀನಿ. ದಿನಕ್ಕ ಎಷ್ಟಂತ ಹೊರ್ಲಿ ಹೇಳು?" ಎಂದಳು. ಕಣ್ಣೀರು ಹಾಕಲಿಲ್ಲ. ಕೊಳವೆಯನ್ನು ಮೇಜಿನ ಮೇಲೆ ಕುಟ್ಟಿದ ಹಾಗೆ ಇಟ್ಟಳು. "ಸಾಹೇಬನ್ನ ಕರಕೊಂಡ ಬಂದೀನಿ. ಓದು. ದಾರಿ ಇಲ್ದ ನಾ ಊರಿಗೆ ಹೋಗಾಂಗಿಲ್ಲ."

ನಾನು ಮೊದಲ ಬಾರಿ ಆ ಹಾಳೆಗಳನ್ನು ವಕೀಲಳ ಕಣ್ಣಿನಿಂದ ಓದಿದೆ. ಬಿಳಿಮೀಸೆಯವರು ಚೆಂದ ಬರೆದಿದ್ದರು. ಬಂಡಿ ಇಲ್ಲದ ಹೊಲ ಹೊಲವೇ ಅಲ್ಲ ಎಂಬ ಅರ್ಥ ಬರುವ ಒಂದು ಸಾಲಿಗೆ ನನಗೆ ಕಣ್ಣು ತುಂಬಿ ಬಂತು. ಐದನೆಯ ಹಾಳೆಯ ಕೊನೆಗೆ ಅವರ ಹೆಸರು, ಅದರ ಕೆಳಗೆ ಕೋರ್ಟಿನ ಆದೇಶ. ನಾವಿಬ್ಬರೂ ಒಮ್ಮತಕ್ಕೆ ಬಾರದ ಕಾರಣ ಸೀನಿಯರ್ ಜಡ್ಜರ ಅಭಿಪ್ರಾಯದಂತೆ ವ್ಯಾಜ್ಯ ತೀರ್ಮಾನವಾಗತಕ್ಕದ್ದು. ಅಲ್ಲಿಗೆ ಮುಗಿಯಿತು, ಗೆದ್ದೆವು ಎಂದುಕೊಂಡೆ. ಹಾಳೆಗಳನ್ನು ಹಿಡಿದು ವಕೀಲ ಸಾಹೇಬರ ಕೋಣೆಗೆ ಬಾಗಿಲು ತಟ್ಟದೆಯೇ ನುಗ್ಗಿದೆ.

ಅವರು ನಿಧಾನಕ್ಕೆ ಓದಿ ಕನ್ನಡಕ ತೆಗೆದರು. "ಇದರಾಗ ಸೀನಿಯರ್ ಯಾರು ಬೇಟಾ?"

"ನಮ್ಮ ಸಾಹೇಬ್ರ ರೀ. ಬಿಳಿಮೀಸಿಯವರು."

"ಹಾಳ್ಯಾಗ ಮೀಸಿ ಎಲ್ಲೈತಿ?"

ನಾನು ಹಾಳೆಗಳನ್ನು ಮತ್ತೆ ತಿರುವಿದೆ. ಅವರು ನಕ್ಕರು, ಆದರೆ ನಗು ಮುಖದಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. "ನನಗ ಎಪ್ಪತ್ತು ದಾಟೇತಿ. ನಮ್ಮ ಕೋರ್ಟಿನ ಕುರ್ಚಿ ಮ್ಯಾಲ ಕುಂತವರಿಗೆ ಮೂವತ್ತೈದಿಲ್ಲ. ದಿನಾ ಮುಂಜಾನೆ ಯಾರು ಯಾರಿಗೆ ತಲಿ ಬಾಗ್ತಾರ? ಸೀನಿಯಾರಿಟಿ ಮೀಸ್ಯಾಗ ಇರಾಂಗಿಲ್ಲ ಬೇಟಾ, ಮೊದಲ ಯಾರು ಆ ಕುರ್ಚಿಗೆ ಬಂದ್ರು ಅನ್ನೂದರಾಗ ಇರತೈತಿ. ಆಗಿನ ಸಾಹೇಬ್ರೊಳಗ ಇದು ಭಾಳ ಬಿಗಿ. ವಿಲಾಯತಿಯಿಂದ ಸಣ್ಣ ವಯಸ್ಸಿಗೇ ಬಂದು ಕುಂತವರು ಇದ್ರು, ಇಲ್ಲೇ ಜಿಲ್ಲಾದಾಗ ಮುದುಕರಾಗಿ ಆಮ್ಯಾಲ ಮ್ಯಾಲ ಹೋದವರು ಇದ್ರು. ಮೊದಲ ಹಾಳಿ ತಗೊಂಡ ಬಾ. ಅದರ ತಲಿಬರಹದಾಗ ಯಾರ ಹೆಸರು ಮುಂದ ಐತೋ ಅವರ ಸೀನಿಯರ್."

ಮೊದಲ ಹಾಳೆ ಇದ್ದದ್ದು ಎದುರಾಳಿಯ ಮನೆಯಲ್ಲಿ. ಬೇಕಾಗಿಲ್ಲ ಬಿಡ್ರಿ, ಇದನ್ನೇ ಹಾಕೋಣ ಎಂದು ನಾನು ವಾದಿಸಿದೆ. ಅರ್ಧ ಕಾಗದ ಕೋರ್ಟಿಗೆ ಹಾಕುವವರು ಈ ಆಫೀಸಿನ ಮೆಟ್ಟಿಲು ಇಳಿಯಬಹುದು ಎಂದು ಹೇಳಿ ಅವರು ಬೇರೆ ಫೈಲು ಬಿಚ್ಚಿದರು. ಅಂದು ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಆದರೆ ಮರುದಿನವೇ ಊರಿನ ಬಸ್ಸು ಹತ್ತಿದೆ. ಸಿಟ್ಟು ಬಂದಾಗ ನನ್ನ ಕಾಲು ಸುಮ್ಮನಿರುವುದಿಲ್ಲ.

ಬೇಲಿ ಹಾಕಿದವನು ಸಸಿ ತರಲು ಕುಷ್ಟಗಿಗೆ ಹೋಗಿದ್ದ. ಮನೆಯಲ್ಲಿ ಅವನ ಅಪ್ಪ ಇದ್ದರು, ಎಂಬತ್ತು ದಾಟಿದ ಹಿರಿಯರು. ಮುಂಬೈಗೆ ಹೋಗಿದ್ದವರ ಮಗ. ಊರಿನವರೆಲ್ಲ ಕಾಕಾ ಎನ್ನುವುದರಿಂದ ನಾನೂ ಕಾಕಾ ಎಂದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಾಗದ ಕೇಳಿದೆ.

"ಅದು ಸೋತ ಕಾಗದ ಐತವ್ವಾ. ಅದನ್ನ ತಗೊಂಡ ಏನ್ ಮಾಡ್ತಿ?" ಎಂದರು. ಆದರೂ ಎದ್ದು, ಜೋಳದ ಚೀಲಗಳ ಹಿಂದಿನ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದರು. "ನಮ್ಮಪ್ಪ ಇದನ್ನ ಬಿಚ್ಚಲೂ ಇಲ್ಲ, ಹೊರಗ ಒಗೀಲೂ ಇಲ್ಲ. ನಮ್ಮ ಹುಡುಗ ಬೇಲಿ ಹಾಕಿದ್ದು ನನಗ ಸೇರಿಲ್ಲ. ಆದ್ರ ಈಗ ನನ್ನ ಮಾತ ಯಾರ ಕೇಳ್ತಾರ? ಒಯ್ಯಿ. ಕೆಲಸ ಮುಗದ ಮ್ಯಾಲ ತಂದ ಕೊಡು."

ನಾನು ಅದನ್ನು ಬಸ್‌ ನಿಲ್ದಾಣದ ಬೇವಿನ ನೆರಳಿನಲ್ಲಿ ಬಿಚ್ಚಿದೆ. ಮೊದಲ ಹಾಳೆಯ ತಲೆಬರಹದಲ್ಲಿ ಇಬ್ಬರು ಜಡ್ಜರ ಹೆಸರು. ಮೊದಲನೆಯದನ್ನು ನಾನು ಎಂದೂ ಕಂಡಿರಲಿಲ್ಲ. ನಮ್ಮ ಐದನೆಯ ಹಾಳೆಯ ಕೊನೆಗಿದ್ದ ಹೆಸರು ಎರಡನೆಯದಾಗಿತ್ತು.

ನಾವು ಸೋತಿದ್ದೆವು. ಬಿಳಿಮೀಸೆಯ ಸಾಹೇಬರು ಜೂನಿಯರ್ ಆಗಿದ್ದರು, ಅವರು ಬರೆದ ಚೆಂದದ ಐದು ಹಾಳೆಗೆ ಬೆಲೆಯೇ ಇರಲಿಲ್ಲ. ವಿಭೂತಿ ಹಚ್ಚಿಸಿಕೊಂಡ ಕೊಳವೆಯ ತಳದಲ್ಲಿ, ನಮ್ಮದೇ ಹಾಳೆಯಲ್ಲಿ, ನಮ್ಮ ಸೋಲಿನ ಆದೇಶ ಇಷ್ಟು ಕಾಲ ಇತ್ತು. ಗೆದ್ದವರು ಸೋತೆವೆಂದುಕೊಂಡು ಮೂರು ತಲೆಮಾರು ತಮ್ಮ ಹೊಲದಲ್ಲಿ ನಮ್ಮ ಬಂಡಿ ಹಾಯುವುದನ್ನು ಸುಮ್ಮನೆ ನೋಡಿದ್ದರು. ನನಗೆ ಒಂದು ಕೆಟ್ಟ ಯೋಚನೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಗಂಟು ಕಟ್ಟಿ ವಾಪಸು ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಕಾರಿಗೆ ಇಂಗ್ಲಿಷ್ ಬರುವುದಿಲ್ಲ, ಅವರ ಮಗ ಆ ಪೆಟ್ಟಿಗೆಯನ್ನು ಮುಟ್ಟುವವನಲ್ಲ. ಕೊಪ್ಪಳದ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ, ಚಿಗವ್ವನ ಹೊಲದ ಕಡೆ ನಡೆದೆ.

ಅವಳು ಹಳ್ಳದ ಗುಂಟ ಬುಟ್ಟಿ ಹೊತ್ತು ಬರುತ್ತಿದ್ದಳು. ಇಳಿಸಿಕೊಂಡು ಎಲ್ಲ ಹೇಳಿದೆ, ಬಸ್‌ ನಿಲ್ದಾಣದ ಯೋಚನೆಯನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆಯ ಮೇಲಿನ ಸಿಂಬೆಯನ್ನು ತೆಗೆದು ಕೊಡವಿದಳು.

"ಆ ಮುದುಕ ನಂಬಿ ಕೊಟ್ಟಾನ" ಎಂದಳು. "ಅವನ ಕಾಗದ ಮುಚ್ಚಿಟ್ಟು ದಾರಿ ತಗೊಂಡ್ರ, ಆ ದಾರ್ಯಾಗ ನಾ ಕಾಲ ಹೆಂಗ ಇಡ್ಲಿ? ನಡಿ, ಮದಲ ಅವಗ ಹೇಳೂಣು. ಆಮ್ಯಾಲ ನೀ ಬ್ಯಾರೆ ಏನರ ಹುಡುಕು. ಓದೀಯಿಲ್ಲ? ಹುಡುಕು. ನಾ ಬಿಡಾಕಿ ಅಲ್ಲ."

ಇಬ್ಬರೂ ಕಾಕಾರ ಮನೆಗೆ ಹೋದೆವು. ಜಗುಲಿಯ ಮೇಲೆ ಕೂತು ನಾನು ಎರಡು ಹೆಸರನ್ನೂ ಬೆರಳಿಟ್ಟು ತೋರಿಸಿದೆ, ಆದೇಶದ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವರಿಗೆ ಎರಡು ಸಲ ಹೇಳಬೇಕಾಯಿತು.

"ಅಂದ್ರ ನಮ್ಮಪ್ಪ ಗೆದ್ದಿದ್ನಾ?"

"ಹೌದ್ರಿ ಕಾಕಾ."

"ಮುಂಬೈಯಿಂದ ಬಂದ ಮ್ಯಾಲ ಅಂವ ಪಂಚಾಯ್ತಿ ಕಟ್ಟಿ ಮ್ಯಾಲ ಕುಂದ್ರಾಕ ಹೋಗಲಿಲ್ಲವ್ವಾ. ಸಾಯೂತನಾ ಹೋಗಲಿಲ್ಲ. ನಿಮ್ಮ ಬಂಡಿ ಬಂದ್ರ ಮಾರಿ ತಿರುವಿ ನಿಂದ್ರತಿದ್ದ." ಅವರು ಕಪ್ಪುಗಟ್ಟಿದ ಆ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡರು. ನಾನು ಎಷ್ಟೋ ತೀರ್ಪುಗಳನ್ನು ಎಷ್ಟೋ ಜನರಿಗೆ ಓದಿ ಹೇಳಿದ್ದೇನೆ. ಇಷ್ಟು ತಡವಾಗಿ ಯಾರಿಗೂ ಹೇಳಿಲ್ಲ.

ಅವರ ಮಗ ಮಾತ್ರ ಅಳುವ ಗಿರಾಕಿ ಅಲ್ಲ. ವಿಷಯ ಕಿವಿಗೆ ಬಿದ್ದದ್ದೇ ಊರೆಲ್ಲ ಹೇಳಿಕೊಂಡು ತಿರುಗಿದ, ಗಂಗಾವತಿಯಿಂದ ಮಾತುಗಾರ ವಕೀಲರನ್ನು ಹಿಡಿದ, ಬೇಲಿಗೆ ಇನ್ನೊಂದು ಸಾಲು ತಂತಿ ಬಿಗಿದ. ಇವರದೇ ವಕೀಲಿ ಎದುರಿನವರ ಕೈಗೆ ಬಡಿಯಾಕ ಬಡಿಗಿ ಕೊಟ್ಟಾಳ ಎಂದು ಜನ ನಕ್ಕರು. ಕೋರ್ಟಿನ ಪಡಸಾಲೆಯಲ್ಲಿ ಒಬ್ಬರು ನನ್ನನ್ನು ನೋಡಿ ಬೇಕೆಂದೇ ಮೀಸೆ ತಿರುವಿದರು. ನಾನು ಹಲ್ಲು ಕಚ್ಚಿ ಓದತೊಡಗಿದೆ. ವಕೀಲ ಸಾಹೇಬರ ಕಪಾಟಿನಲ್ಲಿ ದಾರಿಯ ಬಗ್ಗೆ ಇದ್ದದ್ದನ್ನೆಲ್ಲ, ಊಟ ಬಿಟ್ಟು, ಒಂದು ವಾರ ಓದಿದೆ. ಅವರು ಏನನ್ನೂ ಹೇಳಿಕೊಡಲಿಲ್ಲ. ದಿನಕ್ಕೆರಡು ಸಲ ಚಹಾ ಮಾತ್ರ ಕಳಿಸುತ್ತಿದ್ದರು.

ಸಿಕ್ಕಿತು. ಒಬ್ಬರ ನೆಲದ ಮೇಲೆ ಇನ್ನೊಬ್ಬರು ಇಪ್ಪತ್ತು ವರ್ಷ ಬಿಡದೆ, ಎಲ್ಲರ ಕಣ್ಣೆದುರು, ಜಗಳವಿಲ್ಲದೆ ನಡೆದಿದ್ದರೆ ಆ ದಾರಿ ಅವರ ಹಕ್ಕಾಗುತ್ತದೆ. ಆದರೆ ಒಂದು ಷರತ್ತು. ಅಪ್ಪಣೆ ಕೇಳಿ ನಡೆದಿರಬಾರದು. ತಮ್ಮ ಹಕ್ಕು ಎಂದೇ ನಡೆದಿರಬೇಕು. ಅಪ್ಪಣೆ ಕೇಳಿದ ದಿನ ಅದು ಹಕ್ಕಲ್ಲ, ಕೊಟ್ಟವರ ಉಪಕಾರ. ನಾನು ಆ ಸಾಲನ್ನು ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಮುಂಬೈಯಲ್ಲಿ ಸೋತದ್ದು ನಿಜ. ಆದರೆ ಸೋತದ್ದು ಗೊತ್ತಿದ್ದರೆ ನಮ್ಮವರು ಕೈಮುಗಿದು ಕೇಳಿ ನಡೆಯುತ್ತಿದ್ದರು. ಗೆದ್ದೆವೆಂದು ತಪ್ಪು ತಿಳಿದು ಮೀಸೆ ತಿರುವಿಕೊಂಡು ನಡೆದದ್ದರಿಂದಲೇ ಆ ಸೋತ ದಾರಿ, ಆಮೇಲಿನ ವರ್ಷಗಳಲ್ಲಿ, ನಮ್ಮದಾಗಿತ್ತು. ಅಂದರೆ ಈಗ ಹನ್ನೊಂದೂ ಹಾಳೆ ಕೋರ್ಟಿಗೆ ಬೇಕಾಗಿದ್ದವು. ಅವರಿಗೆ ತಡೆಯುವ ಹಕ್ಕಿತ್ತು ಎಂಬುದಕ್ಕೆ ಅವೇ ಸಾಕ್ಷಿ, ಹಕ್ಕಿದ್ದೂ ಅವರು ತಡೆದಿರಲಿಲ್ಲ.

ವಕೀಲ ಸಾಹೇಬರಿಗೆ ತೋರಿಸಿದೆ. "ಇದು ನನಗ ಮೊದಲನೇ ದಿನಾನ ಹೊಳದಿತ್ತು" ಎಂದರು. ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನಾ ಹೇಳಿದ್ರ ನೀ ಪೂರಾ ಕಾಗದ ಲಾಭಕ್ಕ ಹಾಕ್ತಿದ್ದಿ, ಖರೇಕ ಅಲ್ಲ" ಎಂದು ಚಹಾ ಕುಡಿದರು.

ದಾವೆ ಮೂರು ಸುಗ್ಗಿ ನಡೆಯಿತು. ಮೂರು ಸುಗ್ಗಿಯೂ ಚಿಗವ್ವ ಹಳ್ಳದ ಗುಂಟ ಬುಟ್ಟಿ ಹೊತ್ತಳು. ಕೂಲಿಯವರು ಅಷ್ಟು ದೂರ ಹೊರಲಾರೆವೆಂದು ಒಬ್ಬೊಬ್ಬರೇ ಬಿಟ್ಟರು, ಅವಳು ಬಿಡಲಿಲ್ಲ. ಅರ್ಧ ಹೊಲಕ್ಕಷ್ಟೇ ಉಳ್ಳಾಗಡ್ಡಿ ಹಾಕಿದಳು. ಆ ಹೊಲವನ್ನು ತಮಗೇ ಮಾರಿಬಿಡಿ ಎಂದು ಬೇಲಿಯವನು ಹೇಳಿಕಳಿಸಿದಾಗ, ಹೇಳಲು ಬಂದವನಿಗೆ ರೊಟ್ಟಿ ಊಟ ಹಾಕಿ, ಉತ್ತರ ಹೇಳದೆ ಕಳಿಸಿದಳು. ನಾನು ಒಂದೂ ತಾರೀಖು ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಕೋಟು ಹಾಕಿಕೊಂಡು ಹೋಗಿ ನಿಂತೆ.

ಚಿಗವ್ವನ ಪಾಟೀಸವಾಲಿನ ದಿನ ಗಂಗಾವತಿಯ ವಕೀಲರು ಕೋರ್ಟು ತುಂಬುವಷ್ಟು ದೊಡ್ಡ ದನಿಯಲ್ಲಿ ಕೇಳಿದರು. "ನಿಮ್ಮ ಹಿರೇರು ಮುಂಬೈ ಕೋರ್ಟಿನ್ಯಾಗ ಸೋತಿದ್ರು, ಹೌದೋ ಅಲ್ಲೋ?"

"ಹೌದ್ರಿ."

"ಸೋತ ಮ್ಯಾಲೂ ನೀವು ಮಂದಿ ಹೊಲದಾಗ ಬಂಡಿ ಹೊಡದ್ರಿ?"

"ಹೊಡದೀವ್ರಿ. ಈಗ ಗೊತ್ತಾತ್ರಿ ಸೋತಿದ್ವಿ ಅಂತ. ಹೊಡಿಯೂ ಮುಂದ ಗೊತ್ತಿದ್ದಿಲ್ರಿ. ಗೊತ್ತಿದ್ರ ಆ ಮನಿಯವರನ್ನ ಕೇಳೇ ಹೊಡೀತಿದ್ವಿ. ಒಂದ ದಿನಾನೂ ಕೇಳಿಲ್ರಿ. ಅದು ನಮ್ಮಿಂದ ಆದ ತಪ್ಪರಿ."

ತಪ್ಪು ಒಪ್ಪಿಸಿದ ಖುಷಿಯಲ್ಲಿ ಆ ವಕೀಲರು ನಗುತ್ತ ಕೂತರು. ಕುರ್ಚಿಯ ಮೇಲಿದ್ದ, ಮೂವತ್ತೈದು ತುಂಬದ ನಮ್ಮ ಜಡ್ಜರು ಮಾತ್ರ ತಲೆ ಎತ್ತಿ ಅವಳನ್ನು ಒಮ್ಮೆ ನೋಡಿ, ಒಂದು ದಿನವೂ ಅಪ್ಪಣೆ ಕೇಳಿಲ್ಲ ಎಂಬ ಮಾತನ್ನು ತಾವೇ ಬಿಡಿಸಿ ಹೇಳಿ ಬರೆಸಿದರು. ವಕೀಲ ಸಾಹೇಬರು ಮೇಜಿನ ಕೆಳಗೆ ನನ್ನ ಕೈ ಹಿಂಡಿದರು. ನನಗೆ ಅಳು ಬಂತು. ಕೋರ್ಟಿನಲ್ಲಿ ನಾನು ಅತ್ತದ್ದು ಅದೊಂದೇ ಸಲ.

ತೀರ್ಪು ನಮ್ಮ ಕಡೆ ಆಯಿತು. ಬೇಲಿಯವನು ಅಪೀಲಿಗೆ ಹೋಗುತ್ತೇನೆಂದು ಹಾರಾಡಿದ. ಕಾಕಾ ಅವನಿಗೆ ಏನು ಹೇಳಿದರೋ, ಹೋಗಲಿಲ್ಲ. ಆದೇಶದ ಪ್ರಕಾರ ಬಂಡಿಯಗಲ ತಂತಿ ಬಿಚ್ಚಿದ.

ಮೊದಲ ದಿನ ಬಂಡಿ ಹಾಯುವಾಗ ಹಿಂದೆ ನಾನೂ ನಡೆದು ಹೋದೆ. ಚಿಗವ್ವ ಎತ್ತುಗಳ ಹಗ್ಗ ತಾನೇ ಹಿಡಿದಿದ್ದಳು. ತಂತಿ ಬಿಚ್ಚಿದ ಜಾಗದಲ್ಲಿ ಕಾಕಾ ಒಡ್ಡಿನ ಮೇಲೆ ಕೂತಿದ್ದರು. ಅವರನ್ನು ಕಂಡು ಅವಳು ಬಂಡಿ ನಿಲ್ಲಿಸಿದಳು, ತಲೆಯ ಮೇಲೆ ಸೆರಗು ಹೊದ್ದಳು.

"ಕಾಕಾ, ಬಂಡಿ ತರಲ್ರೀ?"

ಮೂರು ಸುಗ್ಗಿಯ ದಾವೆ, ಹನ್ನೊಂದು ಹಾಳೆ, ಎಲ್ಲ ನಿಂತದ್ದೇ ಕೇಳದೆ ನಡೆದೆವು ಎಂಬುದರ ಮೇಲೆ. "ಚಿಗವ್ವಾ, ಕೇಳಬ್ಯಾಡ! ಅದು ನಿನ್ನ ಹಕ್ಕೈತಿ. ಕೇಳೂ ಹಂಗಿಲ್ಲ, ಸುಮ್ನ ಹೊಡಿ!" ಎಂದು ಹಿಂದಿನಿಂದ ಕೂಗಿದೆ.

ಕಾಕಾ ನನ್ನ ಕಡೆ ತಿರುಗಿದರು.

"ಇವತ್ತೊಂದಿನ ಕೇಳ್ಲಿ ಬಿಡವ್ವಾ" ಎಂದರು. "ನಮ್ಮಪ್ಪನ್ನ ಯಾರೂ ಕೇಳಿದ್ದಿಲ್ಲ."

ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಚಿಗವ್ವ ಹಗ್ಗ ಹಿಡಿದುಕೊಂಡೇ ಇನ್ನೊಮ್ಮೆ ಕೇಳಿದಳು.